ಊರು ಆರಿಸುವ ಮುನ್ನ

✦ ಗೋದಾವರಿ ಸೀಮೆಯಲ್ಲಿ ಎರಡು ಗಂಗಾಪುರಗಳಿವೆ. ಒಂದು ನಾಸಿಕದ ಮಗ್ಗುಲಿನ ಅಣೆಕಟ್ಟಿನ ಊರು, ಇನ್ನೊಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲೂಕು ಕೇಂದ್ರ. ಓದು ಮುಗಿಸಿದ ಮಕ್ಕಳಿಗೆ ಎರಡೂ ಕಡೆ ಒಂದೇ ಪ್ರಶ್ನೆ: ನಾಸಿಕವೋ, ಸಂಭಾಜಿನಗರವೋ, ಪುಣೆಯೋ, ಮುಂಬೈಯೋ? ಬೀದರ, ವಿಜಯಪುರ, ಕಾರವಾರದ ಮನೆಗಳಲ್ಲಿ ಕೇಳಿಬರುವುದೂ ಇದೇ ಪ್ರಶ್ನೆ.

✦ ಊರನ್ನು ಜಾತ್ರೆಯ ದಿನ ನೋಡಿ ಮೆಚ್ಚಬೇಡಿ. ನಾಸಿಕದ ಕುಂಭಮೇಳ ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ. ನೀವು ಬಾಳಬೇಕಾದದ್ದು ನಡುವಿನ ಸಾವಿರಾರು ಮಾಮೂಲಿ ದಿನಗಳಲ್ಲಿ.

✦ ಬಾಡಿಗೆ ಎಷ್ಟೆಂದು ಕೇಳುವ ಮೊದಲು ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಿ. ಪೈಠಣದ ಬಳಿ ಜಾಯಕವಾಡಿಯಂಥ ದೊಡ್ಡ ಜಲಾಶಯವಿದ್ದೂ ಸಂಭಾಜಿನಗರದ ಎಷ್ಟೋ ಬಡಾವಣೆಗಳು ದಿನಗಟ್ಟಲೆ ನೀರಿಗೆ ಕಾದಿವೆ. ಸಂಬಳದ ಚೀಟಿಯಲ್ಲಿ ಟ್ಯಾಂಕರಿನ ಖರ್ಚು ಕಾಣುವುದಿಲ್ಲ.

✦ ಗಂಗಾಪುರ ಅಣೆಕಟ್ಟಿನಿಂದ ಬಿಟ್ಟ ನೀರು ಕೆಳಗೆ ಹರಿದು ಜಾಯಕವಾಡಿ ಸೇರುತ್ತದೆ. ಮಳೆ ಕೈಕೊಟ್ಟ ವರ್ಷ ಆ ನೀರಿಗಾಗಿ ನಾಸಿಕಕ್ಕೂ ಮರಾಠವಾಡಕ್ಕೂ ತಕರಾರು. ನಗರಕ್ಕೆ ಹೋದವರು ಅದರ ನದಿಗೂ, ಆ ನದಿಯನ್ನೇ ನಂಬಿದ ಕೆಳಗಿನ ಊರಿಗೂ ಋಣಿಗಳು.

✦ ಮನೆ ನಾಸಿಕದಲ್ಲಿ, ನೌಕರಿ ಮುಂಬೈಯಲ್ಲಿ ಎನ್ನುವವರನ್ನು ಪಂಚವಟಿ ಎಕ್ಸ್‌ಪ್ರೆಸ್ ಬೆಳಗ್ಗೆ ಏಳರ ಹೊತ್ತಿಗೆ ನಾಸಿಕ್ ರೋಡಿನಿಂದ ಹೊತ್ತೊಯ್ಯುತ್ತದೆ. ಹೋಗಲು ಮೂರೂವರೆ ತಾಸಿಗೂ ಮಿಕ್ಕಿ, ಬರಲೂ ಹೆಚ್ಚುಕಡಿಮೆ ಅಷ್ಟೇ. ಪಾಸಿನವರ ಬೋಗಿ ಶಿಸ್ತಿಗೆ, ಚೊಕ್ಕಟಕ್ಕೆ ಹೆಸರಾಗಿದೆ. ಹಾಗಾಗದೆ ಇನ್ನೇನು? ದಿನಕ್ಕೆ ಏಳು ತಾಸು ಕುಳಿತವರಿಗೆ ಆ ಬೋಗಿಯೇ ಊರು. ಅಂಥ ಊರು ನಿಮ್ಮ ಮೈಗೂ ಮನಸ್ಸಿಗೂ ಒಗ್ಗುತ್ತದೆಯೇ, ಕೇಳಿಕೊಳ್ಳಿ.

✦ ಸಿನಿಮಾ ಎಂದರೆ ಮುಂಬೈ ಎನ್ನುತ್ತೇವೆ. 1913ರಲ್ಲಿ ಮುಂಬೈಯಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ತಂದ ದಾದಾಸಾಹೇಬ್ ಫಾಲ್ಕೆ ಆಮೇಲೆ ತಮ್ಮ ಚಿತ್ರ ತಯಾರಿಕೆಯನ್ನು ನಾಸಿಕಕ್ಕೆ ಒಯ್ದರು. ನಿಮ್ಮ ಕೆಲಸ ಎಲ್ಲಿ ಚೆನ್ನಾಗಿ ಸಾಗುತ್ತದೋ ನಿಮ್ಮ ಪಾಲಿಗೆ ಅದೇ ದೊಡ್ಡ ಊರು.

✦ ಗಂಗಾಪುರ ತಾಲೂಕಿನ ವಾಳೂಜಿನಲ್ಲಿ 1985ರಲ್ಲಿ ಬಜಾಜ್ ಕಾರ್ಖಾನೆ ಶುರುವಾಯಿತು. ಕೆಲವೊಮ್ಮೆ ನಗರವೇ ಹಳ್ಳಿಯ ಬಾಗಿಲಿಗೆ ಬರುತ್ತದೆ. ಪೆಟ್ಟಿಗೆ ಕಟ್ಟುವ ಮುನ್ನ ಇಪ್ಪತ್ತು ಮೈಲಿ ಸುತ್ತಳತೆಯಲ್ಲಿ ಒಮ್ಮೆ ಕಣ್ಣಾಡಿಸಿ.

✦ ಮುಹಮ್ಮದ್ ಬಿನ್ ತುಘಲಕ್ ದಿಲ್ಲಿಯವರನ್ನು ಕಳಿಸಿದ ದೌಲತಾಬಾದು ಇದೇ ಸಂಭಾಜಿನಗರದ ಹತ್ತಿರದಲ್ಲಿದೆ. ಕಾರ್ನಾಡರ ನಾಟಕ ನೋಡಿದ ಕನ್ನಡಿಗರಿಗೆ ಆ ಕಥೆ ಗೊತ್ತು. ಅಪ್ಪಣೆಯ ಮೇಲೆ ಹೋದ ಊರಿನಲ್ಲಿ ಬೇರು ಇಳಿಯುವುದಿಲ್ಲ. ಮಗಳ ಊರನ್ನು ತಾವೇ ತೀರ್ಮಾನಿಸುವ ಅಪ್ಪ ಅಮ್ಮಂದಿರು ಇದನ್ನು ಮರೆಯಬಾರದು.

✦ ಸಣ್ಣ ನಗರ ಕೇಳುತ್ತದೆ: ನೀವು ಯಾರ ಪೈಕಿ? ಮಹಾನಗರ ಕೇಳುತ್ತದೆ: ನಿಮಗೆ ಏನು ಕೆಲಸ ಬರುತ್ತದೆ? ಇವೆರಡರಲ್ಲಿ ಯಾವ ಪ್ರಶ್ನೆ ನಿಮಗೆ ಹಿತ ಎಂಬುದು ತಿಳಿದರೆ ಅರ್ಧ ತೀರ್ಮಾನ ಆದಂತೆಯೇ.

✦ ರಾತ್ರಿ ಹತ್ತಕ್ಕೆ ಬಸ್ಸಿಳಿದ ಹುಡುಗಿ ಒಬ್ಬಳೇ ನಡೆದು ಮನೆ ಸೇರಬಲ್ಲಳೇ? ಊರಿನ ಯೋಗ್ಯತೆಯನ್ನು ಮೊದಲು ಇದರಿಂದ ಅಳೆಯಿರಿ. ಮಾಲು, ಮೇಲ್ಸೇತುವೆಗಳ ಮಾತು ಆಮೇಲೆ.

✦ ಜ್ವರ ಬಂದ ರಾತ್ರಿ ಕರೆಯಲು ಒಂದು ಹೆಸರಿಲ್ಲದ ಊರು ಎಷ್ಟು ಸಂಬಳ ಕೊಟ್ಟರೂ ದುಬಾರಿ. ಮುಂಬೈಗೆ ಹೋದ ನಮ್ಮ ಹಿರಿಯರು ಇದನ್ನು ಅರಿತಿದ್ದರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗರಿಗೆ ಕನ್ನಡ ರಾತ್ರಿಶಾಲೆಗಳು ಅಕ್ಷರ ಕಲಿಸಿದವು. ನೆರೆಹೊರೆ ತಾನಾಗಿ ಸಿಗದ ಕಡೆ ಕಟ್ಟಿಕೊಳ್ಳಬೇಕು.

✦ ‘ಕವಿರಾಜಮಾರ್ಗ’ದ ಕಾಲಕ್ಕೆ ಕನ್ನಡ ನಾಡಿನ ಎಲ್ಲೆ ಗೋದಾವರಿ. ಇಂದು ಆ ದಂಡೆಯ ಮಾತು ಮರಾಠಿ. ಮನೆಯಲ್ಲಿ ಕನ್ನಡ ಉಳಿಸಿಕೊಳ್ಳಿ, ತರಕಾರಿಯವಳೊಡನೆ ಮರಾಠಿಯಲ್ಲೇ ಮಾತಾಡಿ. ಹೋದ ಊರಿನ ಮಾತು ಕಲಿಯದವರು ಎಷ್ಟು ವರ್ಷ ಇದ್ದರೂ ನೆಂಟರೇ.

✦ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬೈಯಲ್ಲೇ ಕೊನೆಯವರೆಗೆ ಬಾಳಿದರು. ಎರಡೂ ಊರುಗಳನ್ನು ಬರೆದರು. ಗೋಕರ್ಣದ ಜಯಂತ ಕಾಯ್ಕಿಣಿ ಬಹುಕಾಲ ಮುಂಬೈಯಲ್ಲಿದ್ದು ಬೆಂಗಳೂರಿಗೆ ಬಂದರು. ಉಳಿದವರು ಗೆದ್ದವರೂ ಅಲ್ಲ, ಬಿಟ್ಟವರು ಸೋತವರೂ ಅಲ್ಲ. ಇಪ್ಪತ್ತೈದರಲ್ಲಿ ಒಗ್ಗಿದ ಊರು ಐವತ್ತರಲ್ಲಿ ಒಗ್ಗದಿರಬಹುದು.

✦ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ದಖ್ಖನಿಗೆ ಬಂದ ಮಲಿಕ್ ಅಂಬರ್ ಇಂದಿನ ಸಂಭಾಜಿನಗರಕ್ಕೆ ಅಡಿಪಾಯ ಹಾಕಿದ. ನೆಲದಡಿಯ ಕಾಲುವೆಯಲ್ಲಿ ನೀರು ತಂದ. ಊರಿನಿಂದ ನನಗೇನು ಎಂದು ಕೇಳುವುದು ಸರಿಯೇ. ನನ್ನಿಂದ ಊರಿಗೇನು ಎಂದೂ ಕೇಳಿದಾಗಲೇ ಆಯ್ಕೆ ಪೂರ್ತಿಯಾಗುವುದು.

✦ ಕೊನೆಯ ಮಾತು. ಮುಂಗಡ ಕೊಡುವ ಮುನ್ನ ಆ ಊರಿನಲ್ಲಿ ಒಂದು ತಿಂಗಳು ಇದ್ದು ನೋಡಿ. ನೆಂಟರ ಮನೆ ಬೇಡ, ಬಾಡಿಗೆ ಕೋಣೆ ಹಿಡಿಯಿರಿ. ನೀವೇ ಅಡುಗೆ ಮಾಡಿ, ಕೆಲಸದ ಹೊತ್ತಿನ ಬಸ್ಸು ಹತ್ತಿ, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಒಮ್ಮೆ ನಿಲ್ಲಿ. ಅಷ್ಟಾದ ಮೇಲೂ ಬೆಳಗ್ಗೆ ಏಳಲು ಮನಸ್ಸಿದ್ದರೆ ಆ ಊರು ನಿಮ್ಮದು, ಹಿಂಜರಿಯದೆ ಹೋಗಿ.