ಮನೋವ್ಯಾಧಿಯ ಚಿಕಿತ್ಸೆಯಲ್ಲಿ ಸಮತ್ವವೆಂದರೆ ಯಾವುದು?

ದೇಹಕ್ಕೆ ಜ್ವರ ಬಂದಾಗ ವೈದ್ಯರು ನಾಡಿಯನ್ನು ನೋಡಿ, ರಕ್ತವನ್ನು ಪರೀಕ್ಷಿಸಿ ರೋಗವನ್ನು ತಿಳಿಯಬಲ್ಲರು. ಮನಸ್ಸಿನ ವ್ಯಥೆ ಹಾಗಲ್ಲ. ಅದು ಬಹುಮಟ್ಟಿಗೆ ರೋಗಿಯ ಮಾತಿನ ಮೂಲಕವೇ ಹೊರಬರಬೇಕು. ಮಾತು ತಿಳಿಯದ ಕಡೆ ಚಿಕಿತ್ಸೆಯೂ ಅರ್ಧದಲ್ಲಿಯೇ ನಿಲ್ಲುತ್ತದೆ. ಹಾಗಿರುವಾಗ ಎಲ್ಲರಿಗೂ ಒಂದೇ ಆಸ್ಪತ್ರೆ, ಒಂದೇ ಔಷಧ ದೊರೆತ ಮಾತ್ರಕ್ಕೆ ಸಮತ್ವವು ಸಿದ್ಧಿಸಿತೇ ಎಂಬುದು ವಿಚಾರಣೀಯ.

ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ನಮಗೆ ಇದು ಪರರ ಸಂಗತಿಯಲ್ಲ. ಮಗನ ಮನೆಗೆ ಬಂದ ವೃದ್ಧ ತಾಯಿ ವರ್ಷ ತುಂಬುವುದರೊಳಗೆ ಮಂಕಾಗುವುದುಂಟು. 'ಎದೆ ಡವಡವ ಅನ್ನುತ್ತದೆ', 'ಜೀವಕ್ಕೆ ಏನೂ ಬೇಡವಾಗಿದೆ' ಎಂದು ಅವರು ದುಃಖವನ್ನು ಶರೀರದ ಭಾಷೆಯಲ್ಲಿ ಹೇಳುವರು. ವೈದ್ಯರಿಗೆ ಕನ್ನಡ ಬಾರದು, ಮಗನೇ ದುಭಾಷಿ. ಅವನು ಎದೆನೋವೆಂದರೆ ಹೃದಯದ ಪರೀಕ್ಷೆ ನಡೆದು, ದೋಷವಿಲ್ಲವೆಂಬ ಉತ್ತರ ಬರುತ್ತದೆ. ಮನೆಯೊಳಗಿನ ಒಂಟಿತನವೇ ವ್ಯಥೆಗೆ ಕಾರಣವಾಗಿದ್ದರೆ ಅದನ್ನು ಆ ತಾಯಿ ಮಗನ ಬಾಯಿಂದಲೇ ಹೇಳಿಸುವುದೆಂತು? ಅನುಕೂಲವಂತರು ಹುಡುಕಿ ಕನ್ನಡ ಬಲ್ಲ ವೈದ್ಯರನ್ನು ಕಂಡಾರು. ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಕೂಲಿಯ ಕುಟುಂಬಕ್ಕೆ ಆ ದಾರಿಯೂ ಇಲ್ಲ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 12 ರಾಜ್ಯಗಳಲ್ಲಿ ನಡೆಯಿತು. ರೋಗದ ಬಗೆಗೆ ತಕ್ಕಂತೆ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದು ಅದರಿಂದ ತಿಳಿದುಬಂದಿತು. ವೈದ್ಯರ ಕೊರತೆ ಇದಕ್ಕೊಂದು ಕಾರಣ, ಲಜ್ಜೆ ಇನ್ನೊಂದು.

ಇಲ್ಲಿ ಎರಡು ಬಗೆಯ ದೋಷಗಳಿವೆ. ಭಿನ್ನತೆಯನ್ನು ಕಾಣದೆ ಎಲ್ಲರನ್ನೂ ಒಂದೇ ಅಚ್ಚಿಗೆ ಹೊಯ್ಯುವುದು ಮೊದಲನೆಯದು. ಭಿನ್ನತೆಯ ಹೆಸರಿನಲ್ಲಿ ರೋಗಿಯನ್ನು ಕೈಬಿಡುವುದು ಎರಡನೆಯದು. 'ನಮ್ಮವರಿಗೆ ಇಂಥ ರೋಗ ಬಾರದು, ಹರಕೆಯಿಂದಲೇ ಗುಣವಾಗುತ್ತದೆ' ಎನ್ನುವುದು ಈ ಬಗೆಯದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಶ್ರದ್ಧಾಕೇಂದ್ರದ ಸಮೀಪದ ವಸತಿಯೊಂದಕ್ಕೆ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ ಮನೋರೋಗಿಗಳು ಓಡಲಾರದೆ ಸತ್ತರು. ಶ್ರದ್ಧೆಯು ಅವರನ್ನು ಅಲ್ಲಿಗೆ ಕರೆತಂದಿರಬಹುದು. ಕಟ್ಟಿಹಾಕಿದ್ದು ಶ್ರದ್ಧೆಯಲ್ಲ, ಉಪೇಕ್ಷೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸಂಕೋಲೆ ತೊಡಿಸುವುದನ್ನು ನಿಷೇಧಿಸಿದೆ.

ಇದೆಲ್ಲ ಪ್ರಾರಬ್ಧ, ಅನುಭವಿಸಿಯೇ ತೀರಬೇಕು ಎಂದು ಕೆಲವರು ಹೇಳುವರು. ಆದರೆ ಮಧುಮೇಹಕ್ಕೆ ಔಷಧ ಸೇವಿಸುವಾಗ ನಾವು ಪ್ರಾರಬ್ಧವನ್ನು ಅಡ್ಡ ತರುವುದಿಲ್ಲ. ಪ್ರಾರಬ್ಧವೆಂಬ ಮಾತು ನೊಂದವನಿಗೆ ಧೈರ್ಯ ಕೊಡಬಹುದು; ನೋಡುವವನಿಗೆ ಕರ್ತವ್ಯದಿಂದ ಬಿಡುಗಡೆ ಕೊಡಲಾರದು. ವಿಷಾದದಿಂದ ಕುಸಿದ ಅರ್ಜುನನಿಗೆ ಉಪದೇಶ ದೊರೆತದ್ದು ಅವನು ತನ್ನ ವ್ಯಥೆಯನ್ನೆಲ್ಲ ಹೇಳಿಕೊಂಡ ಮೇಲೆ. ಭಗವಂತನೂ ಮೊದಲು ಕೇಳಿದನು, ಅನಂತರ ನುಡಿದನು.

ಕೇಳುವ ಕಿವಿಗಳನ್ನು ಜನರ ಬಳಿಗೇ ಒಯ್ಯುವ ಯತ್ನ ಕನ್ನಡನಾಡಿನಲ್ಲಿಯೇ ನಡೆದಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿ ನೀಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆ ಮಾಡಿ, ಬೇಕಾದ ಭಾಷೆಯನ್ನು ಆಯ್ದುಕೊಂಡು, ಉಚಿತವಾಗಿ ಮಾತನಾಡಬಹುದು; ಕನ್ನಡವೂ ಅವುಗಳಲ್ಲೊಂದು.

ಆದುದರಿಂದ ಸಮತ್ವವೆಂದರೆ ಎಲ್ಲರಿಗೂ ಒಂದನ್ನೇ ಕೊಡುವುದಲ್ಲ, ಅವರವರ ನೋವು ಅವರವರ ನುಡಿಯಲ್ಲಿ ಕೇಳಲ್ಪಡುವಂತೆ ಮಾಡುವುದು. ಪರಿಚಿತರಲ್ಲದ ಕನ್ನಡಿಗ ರೋಗಿಯೊಬ್ಬರ ಜೊತೆಗೆ ಆಸ್ಪತ್ರೆಗೆ ಹೋಗಿ, ಅವರ ಮಾತನ್ನು ಕೂಡಿಸದೆ ಕಳೆಯದೆ ವೈದ್ಯರಿಗೆ ತಿಳಿಸುವುದು ನಮ್ಮಲ್ಲಿ ಅನೇಕರಿಗೆ ಸಾಧ್ಯವಾದ ಕೆಲಸ. ನಮ್ಮ ಮನೆಯ ಹಿರಿಯರ ವಿಷಯದಲ್ಲಾದರೋ, ಅವರು ವೈದ್ಯರೊಡನೆ ಏಕಾಂತದಲ್ಲಿ ಮಾತನಾಡುವಂತೆ ಏರ್ಪಡಿಸಿ ನಾವು ಹೊರಗೆ ಕುಳಿತಿರುವುದೂ ಸೇವೆಯೇ. ಅವರು ಹೇಳುವುದು ನಮ್ಮನ್ನು ಕುರಿತೇ ಆಗಿದ್ದರೂ, ಅದಕ್ಕೆ ಅವಕಾಶ ಕೊಡುವುದು ಧರ್ಮ.