ಇನ್ನೊಂದು ಐವತ್ತು ಕಲ್ಲು

"ಲೋಡಿಗೆ ಐವತ್ತು ಕಲ್ಲು ಹೆಚ್ಚು ಹಾಕ್ಲಾ ಅಣ್ಣ? ಕೊನೆಗೆ ಒಂದು ಟ್ರಿಪ್ ಉಳೀತದೆ."

ಬೆಳ್ಳಾರೆ ಹತ್ತಿರ ನಮ್ಮ ಮನೆ ಕಟ್ಟುವಾಗ ಕೆಂಪು ಕಲ್ಲಿನ ಲಾರಿಯವರು ಫೋನಿನಲ್ಲಿ ಕೇಳಿದ್ದು ಇಷ್ಟೇ. ನಾನು ಬೆಂಗಳೂರಿನಲ್ಲಿ ಒಂದು ಮೀಟಿಂಗಿಗೆ ಓಡುತ್ತಿದ್ದೆ. "ಹಾಕಿ ಮಾರಾಯ್ರೆ" ಅಂದೆ. ಅರ್ಧ ನಿಮಿಷದ ಮಾತು.

ಮುಂದಿನ ಮಳೆಗಾಲದಲ್ಲಿ ಮನೆಗೆ ಹೋಗುವ ಪಂಚಾಯತ್ ರಸ್ತೆ ಮೋರಿಯ ಹತ್ತಿರ ಕುಸಿಯಿತು. ಈಗ ಆಟೋದವರು ಅಲ್ಲಿಂದ ಈಚೆಗೆ ಬರಲು ಒಪ್ಪುವುದಿಲ್ಲ. ನಮಗೆ ಕಾರು ಉಂಟು, ಹೇಗೋ ದಾಟಿಸುತ್ತೇವೆ. ಆಚೆ ಮನೆಯ ಅಜ್ಜಿಗೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಪುತ್ತೂರಿಗೆ ಹೋಗಲಿಕ್ಕುಂಟು. ಮೊಮ್ಮಗನ ಹೆಗಲು ಹಿಡಿದು ಮೋರಿಯವರೆಗೆ ನಡೆಯುತ್ತಾರೆ.

ರಸ್ತೆ ಹಾಳು ಮಾಡಿದ್ದು ನಾನಾ? ಹಾಗೆ ಹೇಳುವುದು ಕಷ್ಟ. ಆ ದಾರಿಯಲ್ಲಿ ಎಲ್ಲರ ಜಲ್ಲಿ, ಮರ, ಗೊಬ್ಬರ ಹೋಗಿದೆ. ಮಳೆಯದ್ದೂ ಪಾಲುಂಟು. ಐವತ್ತು ಕಲ್ಲಿನಿಂದ ಯಾವ ರಸ್ತೆಯೂ ಮುರಿಯುವುದಿಲ್ಲ ಅಂತ ನಾನೂ ಸಮಾಧಾನ ಮಾಡಿಕೊಂಡಿದ್ದೆ, ಒಂದು ಲೆಕ್ಕ ನೋಡುವವರೆಗೆ.

1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ಸ್‌ನಲ್ಲಿ ರಸ್ತೆ ಕಟ್ಟಿ, ಅದರ ಮೇಲೆ ಹಗಲು ರಾತ್ರಿ ಲಾರಿ ಓಡಿಸಿ ಪರೀಕ್ಷೆ ಮಾಡಿದ್ದರು. ಅದರಿಂದ ಬಂದದ್ದೇ ನಾಲ್ಕನೇ ಘಾತದ ನಿಯಮ. ಒಂದು ಆಕ್ಸೆಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಹೆಚ್ಚುಕಡಿಮೆ 16 ಪಟ್ಟು. ನಮ್ಮಲ್ಲಿ ನಾಲ್ಕು ಟಯರಿನ ಹಿಂದಿನ ಆಕ್ಸೆಲಿಗೆ ಮಿತಿ 11.5 ಟನ್. ಐವತ್ತು ಕಲ್ಲು ಅಂದರೆ ಸುಮಾರು ಒಂದೂವರೆ ಟನ್, ಬಹುಪಾಲು ಹಿಂದೆಯೇ ಕೂರುತ್ತದೆ. 13 ಟನ್ ಅಂತಿಟ್ಟುಕೊಳ್ಳಿ. ಭಾರ ಹೆಚ್ಚಿದ್ದು ಶೇಕಡಾ 13, ಪೆಟ್ಟು ಹೆಚ್ಚಿದ್ದು ಶೇಕಡಾ 60ಕ್ಕೂ ಮೇಲೆ.

ಒರಟು ಲೆಕ್ಕ, ನಿಜ. ಆದರೂ ಆ "ಉಳಿದ ಟ್ರಿಪ್" ನೋಡಿ. ಲೋಡಿಗೆ 350 ಕಲ್ಲಿನಂತೆ ಎಂಟು ಟ್ರಿಪ್ ಮಾಡಿದ್ದರೆ ರಸ್ತೆಗೆ ಎಂಟು ಪೆಟ್ಟು. 400ರಂತೆ ಏಳೇ ಟ್ರಿಪ್ ಮಾಡಿದ್ದಕ್ಕೆ ಹನ್ನೊಂದಕ್ಕೂ ಹೆಚ್ಚು ಪೆಟ್ಟು. ನನಗೆ ಒಂದು ಬಾಡಿಗೆ ಉಳಿಯಿತು. ರಸ್ತೆಗೆ ಏನೂ ಉಳಿಯಲಿಲ್ಲ.

ಹಾಗಾದರೆ ಮಿತಿಯೊಳಗೆ ಇದ್ದರೆ ಸಾಕಾ? ಅದೂ ಅಷ್ಟು ಸಲೀಸಲ್ಲ. ಈ 11.5 ಬಂದದ್ದು 2018ರ ಜುಲೈಯಲ್ಲಿ. ಅದಕ್ಕಿಂತ ಮೊದಲು 10.2 ಟನ್ ಇತ್ತು. ಜೂನಿನಲ್ಲಿ ಓವರ್‌ಲೋಡ್ ಆಗಿದ್ದದ್ದು ಆಗಸ್ಟಿನಲ್ಲಿ ಕಾನೂನುಬದ್ಧ! ತಮಾಷೆ ಅಂದರೆ, ಕೆಂಪುಹೊಳೆಯಿಂದ ಗುಂಡ್ಯದ ಹತ್ತಿರದ ಅಡ್ಡಹೊಳೆವರೆಗೆ ಕಾಂಕ್ರೀಟ್ ಹಾಕಲು ತಿಂಗಳುಗಟ್ಟಲೆ ಮುಚ್ಚಿದ್ದ ಶಿರಾಡಿ ಘಾಟಿ ಮತ್ತೆ ತೆರೆದದ್ದೂ ಅದೇ ಜುಲೈಯಲ್ಲಿ. ಬಳ್ಳಾರಿ ಅದಿರಿನ ಲಾರಿಗಳು ಮಂಗಳೂರು ಬಂದರಿಗೆ ಓಡುತ್ತಿದ್ದ ಕಾಲದಲ್ಲಿ ಆ ಘಾಟಿಯ ಗತಿ ಏನಾಗಿತ್ತು ಅಂತ ಉಪ್ಪಿನಂಗಡಿ, ನೆಲ್ಯಾಡಿ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾಗದದಲ್ಲಿ ಅಂಕಿ ಬದಲಾದ ದಿನ ಊರಿನ ಮೋರಿಗಳೇನೂ ಗಟ್ಟಿಯಾಗಲಿಲ್ಲ.

ನಾನು ಊರಿಗೆ ಹೋಗುವುದು ರಾತ್ರಿ ಬಸ್ಸಿನಲ್ಲಿ. ಏರ್ ಸಸ್ಪೆನ್ಶನ್. ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ಬಸ್ಸು ಕೂತಿರುವುದರಿಂದ ಘಾಟಿಯಲ್ಲೂ ನಿದ್ದೆ ಬರುತ್ತದೆ. ಅದೇ ಗಾಳಿ ಚೀಲ ಲಾರಿಗಿದ್ದರೆ ಕುಲುಕಾಟದ ಪೆಟ್ಟು ರಸ್ತೆಗೂ ಕಡಿಮೆ, ಜೋಡಿ ಆಕ್ಸೆಲಿನಲ್ಲಿ ಭಾರವೂ ಸಮನಾಗಿ ಹಂಚಿಕೆಯಾಗುತ್ತದೆ. ಅದಕ್ಕೇ ಯುರೋಪಿನಲ್ಲಿ ಇಂಜಿನ್ ಎಳೆಯುವ ಜೋಡಿ ಆಕ್ಸೆಲಿಗೆ 18 ಟನ್ ಮಿತಿಯಾದರೆ, ಏರ್ ಸಸ್ಪೆನ್ಶನ್ ಮತ್ತು ಜೋಡಿ ಟಯರು ಇದ್ದರೆ 19. ಭಾರವೇನೂ ಮಾಯವಾಗುವುದಿಲ್ಲ, ಶಾಕ್ ಅಬ್ಸಾರ್ಬರ್ ಸವೆದರೆ ಆ ಲಾಭವೂ ಹೋಗುತ್ತದೆ. ಆದರೂ ಅಲ್ಲಿ ರಸ್ತೆಗೆ ಎಷ್ಟು ನೋವಾಗುತ್ತದೆ ಅಂತ ಯಾರೋ ಕೇಳಿದ್ದಾರೆ. ನಮ್ಮಲ್ಲಿ ಲೋಡ್ ಜಾಸ್ತಿ ಬೇಕಾದರೆ ಸ್ಪ್ರಿಂಗಿಗೆ ಇನ್ನೊಂದು ಲೀಫ್ ಸೇರಿಸುತ್ತಾರೆ. ಲಾರಿ ಗಟ್ಟಿಯಾಗುತ್ತದೆ, ಕುಲುಕಾಟ ಪೂರ್ತಿ ನೆಲಕ್ಕೆ. ಮೆತ್ತಗಿನದ್ದು ನಮ್ಮಂಥ ಪ್ರಯಾಣಿಕರಿಗೆ. ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ, ಅಜ್ಜಿಯ ಕಾಲಿಗೆ ಗೊತ್ತಾಗುತ್ತದೆ.

ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಓದಿದೆ. 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000, ಜೊತೆಗೆ ಹೆಚ್ಚಿನ ಮಾಲು ಇಳಿಸುವ ಖರ್ಚು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಂಕಿಯಲ್ಲ, ಒಂದು ಮಾತು. ಅದು ಶಿಕ್ಷೆ ಹೇಳುವುದು ಓಡಿಸಿದವನಿಗೆ ಮಾತ್ರ ಅಲ್ಲ, ಓಡಿಸಲು ಕಾರಣನಾದವನಿಗೂ, ಬಿಟ್ಟವನಿಗೂ. ಕೋರ್ಟಿನಲ್ಲಿ ಈ ಮಾತು ಗಿರಾಕಿಯವರೆಗೆ ಬರುತ್ತದಾ ಅಂತ ವಕೀಲರು ಹೇಳಬೇಕು. ಆದರೆ "ಹಾಕಿ ಮಾರಾಯ್ರೆ" ಅಂದ ಸ್ವರ ನನ್ನದೇ. ಪೋಲೀಸರು ಹಿಡಿದಿದ್ದರೆ ದಂಡ ಕಟ್ಟುತ್ತಿದ್ದದ್ದು ಲಾರಿಯವರು. ಕಂತು ಬಾಕಿ ಇದ್ದ ಲಾರಿ ಅದು.

ಕಳೆದ ವಾರ ಅಪ್ಪ ಫೋನ್ ಮಾಡಿದ್ದರು. ಕಾಂಪೌಂಡಿಗೆ ಕಲ್ಲು ಬೇಕು. ಹೆಚ್ಚು ಲೋಡ್ ಬೇಡ, ಟ್ರಿಪ್ ಜಾಸ್ತಿ ಆದರೂ ಅಡ್ಡಿಯಿಲ್ಲ ಅಂದೆ.

"ಬೇರೆಯವರೆಲ್ಲ ಹಾಕಿಸ್ತಾರಲ್ಲ. ನೀನೊಬ್ಬ ಬೇಡ ಹೇಳಿದ್ರೆ ಮೋರಿ ಸರಿಯಾಗ್ತದಾ?"

"ಆಗುವುದಿಲ್ಲ. ಹೆಚ್ಚಿನ ಬಾಡಿಗೆ ನಾನು ಕಳಿಸ್ತೇನೆ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಲಾರಿಯವರಿಗೆ ನೀನೇ ಹೇಳು ಮಾರಾಯ, ನನಗೆ ನಾಚಿಕೆಯಾಗ್ತದೆ" ಅಂದರು.