ಎರವಲು ನಾಲಗೆ

ಉರ್ದು ಶಾಲೆಯಲ್ಲಿ ನಮಗೆ ಎರಡು ಪದಗಳನ್ನು ಬೇರೆಬೇರೆಯಾಗಿ ಕಲಿಸಿದ್ದರು: ತಲಫ್ಫುಜ್ ಮತ್ತು ಲಹಜಾ. ಅಕ್ಷರವನ್ನು ಸರಿಯಾದ ಜಾಗದಿಂದ ಹೊರಡಿಸುವುದು ತಲಫ್ಫುಜ್. ಉಸ್ತಾದರು ಬೆತ್ತ ಹಿಡಿದು ಅದನ್ನು ತಿದ್ದಬಲ್ಲರು. ಲಹಜಾ ಹಾಗಲ್ಲ. ಅದು ಮಾತಿನ ಧಾಟಿ, ತಾಯಿಯ ಮಡಿಲಲ್ಲೇ ಅಂಟಿಕೊಂಡು ಬಂದದ್ದು. ತೆರೆಯ ಮೇಲೆ ಪರದೇಶದವರ ಪಾತ್ರ ಮಾಡುವ ನಟರನ್ನು ನೋಡಿ ಅವರ ಉಚ್ಚಾರಣೆ ಎಷ್ಟು ಸರಿ ಎಂದು ನಾವು ಅಂಕ ಹಾಕುತ್ತೇವೆ. ಅಂದರೆ ತಲಫ್ಫುಜನ್ನು ಮಾತ್ರ ಪರೀಕ್ಷಿಸುತ್ತೇವೆ.

1982ರ ‘ಸೋಫೀಸ್ ಚಾಯ್ಸ್’ ಚಿತ್ರದಲ್ಲಿ ಅಮೆರಿಕದ ಮೆರಿಲ್ ಸ್ಟ್ರೀಪ್ ಪೋಲೆಂಡಿನ ಹೆಣ್ಣಾಗಿದ್ದಾರೆ. ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆಸಿದವಳು. ಈ ಪಾತ್ರಕ್ಕಾಗಿ ಸ್ಟ್ರೀಪ್ ಪೋಲಿಷ್ ಭಾಷೆಯನ್ನೇ ಕಲಿತರು. ಆಸ್ಕರ್ ಬಂದದ್ದು ಇರಲಿ, ಅದು ದೊಡ್ಡ ಮಾತಲ್ಲ. ಅವರ ಸೋಫಿ ಇಂಗ್ಲಿಷಿನಲ್ಲಿ ತಡವರಿಸುತ್ತಾಳೆ, ಪದ ತಪ್ಪುತ್ತಾಳೆ, ನಾವು ನಗುತ್ತೇವೆ. ಆದರೆ ಅವಳು ಪದವೊಂದನ್ನು ಹುಡುಕುವಾಗ ಅದರ ಹಿಂದೆ ಇನ್ನೊಂದು ಭಾಷೆ ಇಡಿಯಾಗಿ ಉಸಿರಾಡುತ್ತಿರುವುದು ತಿಳಿಯುತ್ತದೆ. ಆ ಭಾಷೆಯಲ್ಲಿ ಅವಳು ಪೆದ್ದಿಯಲ್ಲ.

1968ರ ‘ದಿ ಪಾರ್ಟಿ’ಯಲ್ಲಿ ಬ್ರಿಟನ್ನಿನ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಬಕ್ಷಿ ಎಂಬ ಭಾರತೀಯ ನಟನಾದರು. ಕಿವಿ ಬಲು ಚುರುಕು, ಪ್ರತಿಭೆಗೆ ಕೊರತೆಯಿಲ್ಲ. ಬಕ್ಷಿ ಒಳ್ಳೆಯವನೂ ಹೌದು. ಆದರೆ ಅವನು ಯಾವ ಭಾಷೆಯಲ್ಲಿ ಕನಸು ಕಾಣುತ್ತಾನೆ? ಚಿತ್ರಕ್ಕೆ ಅದು ಬೇಕಿಲ್ಲ. ಮುಂದೆ ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಕಾರ್ಟೂನಿನಲ್ಲಿ ಭಾರತೀಯ ಅಂಗಡಿಕಾರ ಅಪುವಿಗೆ ದನಿ ಕೊಟ್ಟ ಹ್ಯಾಂಕ್ ಅಜೇರಿಯಾ ಈ ಬಕ್ಷಿಯಿಂದಲೂ ಎರವಲು ಪಡೆದರು. ನಕಲಿನ ನಕಲು! ಅಲ್ಲಿಗೆ ವಲಸೆ ಹೋದವರ ಮಕ್ಕಳನ್ನು ಶಾಲೆಯಲ್ಲಿ ಇದೇ ದನಿಯಲ್ಲಿ ಅಣಕಿಸುತ್ತಿದ್ದರು. ಅಂಥ ಮಕ್ಕಳಲ್ಲೊಬ್ಬರಾದ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಅದನ್ನೇ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜೇರಿಯಾ ಆ ದನಿಯನ್ನು ಬಿಟ್ಟರು, ಮರುವರ್ಷ ಕ್ಷಮೆ ಕೇಳಿದರು.

ಕಲೆಗೆ ಇಷ್ಟೊಂದು ಮಡಿಯೇ ಎಂದು ಕೇಳುವವರಿದ್ದಾರೆ. 1940ರಲ್ಲಿ ಚಾಪ್ಲಿನ್ ಹಿಟ್ಲರನ ಜರ್ಮನ್ ಮಾತನ್ನು ಅರ್ಥವಿಲ್ಲದ ಗೊಗ್ಗರು ಸದ್ದಾಗಿಸಿ ಜಗತ್ತನ್ನೇ ನಗಿಸಲಿಲ್ಲವೇ? ನಗಿಸಿದರು. ಹಿಟ್ಲರನ ಬೆನ್ನಿಗೆ ಸೈನ್ಯವಿತ್ತು. ಶಾಲೆಗೆ ಹೋಗುವ ಹುಡುಗನ ಬೆನ್ನಿಗಿರುವುದು ಪುಸ್ತಕದ ಚೀಲ.

2019ರ ‘ಚೆರ್ನೋಬಿಲ್’ ಧಾರಾವಾಹಿಯವರು ರಷ್ಯನ್ ಧಾಟಿಯ ಇಂಗ್ಲಿಷನ್ನೇ ಕೈಬಿಟ್ಟರು. ಬಹುಪಾಲು ಬ್ರಿಟಿಷರಾದ ನಟರು ತಮ್ಮ ತಮ್ಮ ಧಾಟಿಯಲ್ಲೇ ಮಾತಾಡಿದರು. ನಮಗೆ ಇದು ಸರಿ ಎನಿಸಿತು. ತಮ್ಮವರೊಡನೆ ತಮ್ಮ ಭಾಷೆ ಆಡುವವರಿಗೆ ಧಾಟಿ ಎಂಬುದೇ ಇರುವುದಿಲ್ಲ. ಅದು ಹುಟ್ಟುವುದು ಹೊರಗಿನವರ ಕಿವಿಯಲ್ಲಿ.

ಆ ಕಿವಿಯನ್ನು ನಾವೂ ಎರವಲು ತಂದವರೇ. ನಮ್ಮ ಕನ್ನಡ ನಾಟಕ, ಸಿನಿಮಾಗಳಲ್ಲಿ ‘ನಮ್ದುಕೆ ನಿಮ್ದುಕೆ’ ಎನ್ನುವ ಸಾಬಿಯೊಬ್ಬ ನಗಿಸಲೆಂದೇ ಬರುತ್ತಿದ್ದ. ಚಿಕ್ಕಂದಿನಲ್ಲಿ ಟೆಂಟಿನ ನೆಲದಲ್ಲಿ ಕೂತು, ಗೆಳೆಯರೊಂದಿಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಅಮ್ಮಿ ಸೊಪ್ಪಿನವಳೊಡನೆ ಚೌಕಾಸಿಗಿಳಿದಿದ್ದರು: ‘ನಿಮ್ದು ಸೊಪ್ಪು ಎಲ್ಲಾ ಬಾಡೋಗಿದೆ ಕಣಮ್ಮ.’ ಅಮ್ಮಿ ಎಂದೂ ‘ನಿಮ್ದುಕೆ’ ಎಂದವರಲ್ಲ. ಸೊಪ್ಪಿನವಳಿಗೂ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ, ಒಂದು ಕಟ್ಟು ಹೆಚ್ಚಿಗೇ ಕೊಟ್ಟಳು. ನಮಗೆ ಮಾತ್ರ ಹಿಂದಿನ ರಾತ್ರಿಯ ಸಾಬಿಯೇ ಕೇಳಿಸಿದ. ಒಳಗೆ ಗೆಳೆಯನೊಬ್ಬ ಲೆಕ್ಕ ಬಿಡಿಸುತ್ತ ಕೂತಿದ್ದ. ಅವನಿಗೆ ಕೇಳಿಸದಿರಲೆಂದು ನಾವು ರೇಡಿಯೋದ ದನಿ ಏರಿಸಿದೆವು.